ಮಾವನ ಢಂ ಢಂ ಕಸುಬು

ನಿಮ್ಮ ಸೋದರಮಾವ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು "ಮನೆ ನಡುಗಿಸುತ್ತಾರೆ" ಎನ್ನುತ್ತೇನೆ. ಸುಳ್ಳಲ್ಲ ಸ್ವಾಮಿ! ಡಚ್ಚರ ನಾಡಿನ ಈ ಆಮ್ಸ್ಟೆಲ್‌ವೀನ್‌ನಲ್ಲಿ ಮಿಕ್ಕ ಕನ್ನಡಿಗರೆಲ್ಲ ಆಫೀಸಿನ ಮೀಟಿಂಗಿಗೆ ತಲೆಯಾಡಿಸುತ್ತಿದ್ದರೆ, ಇವರು ಜಮೈಕಾದ ರೆಗೆ, ಡ್ಯಾನ್ಸ್‌ಹಾಲ್ ಹಾಡುಗಳ ರೆಕಾರ್ಡ್ ಪ್ರೊಡ್ಯೂಸರ್! ಮೈಸೂರಿನಿಂದ ನೀರಾವರಿ ಎಂಜಿನಿಯರಿಂಗ್ ಓದಲು ಬಂದವರು, ಸಹಪಾಠಿಯ ಬರ್ತ್‌ಡೇಗೆ ಹೋಗಿ, ರೆಗೆ ಮೊಳಗುತ್ತಿದ್ದ ಸ್ಪೀಕರ್ ಪಕ್ಕ ನಿಂತರಂತೆ. ಆಮೇಲೆ ನೀರೂ ಇಲ್ಲ, ಎಂಜಿನಿಯರಿಂಗೂ ಇಲ್ಲ.

ಇವರ ಅಕ್ಕ, ಅಂದರೆ ನನ್ನಮ್ಮ, ಮೈಸೂರಿನಲ್ಲಿ ವೀಣೆ ಕಲಿಸುವ ಮೇಡಂ. ತಾಯಿಯಿಲ್ಲದ ತಮ್ಮನನ್ನು ಸಾಕಿ, ತೊಡೆ ತಟ್ಟಿ ತಾಳ ಕಲಿಸಿದವಳು. "ಅದೂ ಒಂದು ಸಂಗೀತವೇನೋ? ನನ್ನ ಕಿವಿಗೆ ಹಾಕ್ಬೇಡ" ಎಂದವಳು ಇಪ್ಪತ್ತು ವರ್ಷ ಒಂದು ಹಾಡನ್ನೂ ಕೇಳಲಿಲ್ಲ. ಯಾರು ಹೊಗಳಿದರೇನು, ಅಕ್ಕ ಕೇಳಲಿಲ್ಲವೆಂಬ ಕೊರಗು ಮಾವನಿಗೆ ಹೋಗಲೇ ಇಲ್ಲ.

ಮೊದಲ ಸ್ಟುಡಿಯೋ ಹಿತ್ತಿಲಿನ ಸೈಕಲ್ ಶೆಡ್. ಒಂದು ದಿನ ಪಕ್ಕದ ಮನೆಯ ಡಚ್ ಅಜ್ಜಿ ಕೆಂಡಾಮಂಡಲವಾಗಿ ಬಂದರು: ಕಪಾಟಿನಲ್ಲಿ ಕಪ್ಪುಗಳು ಕುಣಿಯುತ್ತಿವೆ! ಇನ್ನೊಬ್ಬರಾಗಿದ್ದರೆ ಕ್ಷಮೆ ಕೇಳುತ್ತಿದ್ದರು. ಮಾವ ಅವರ ಮನೆಗೇ ಓಡಿ, ಕಪಾಟಿಗೆ ಕಿವಿಯಿಟ್ಟು, "ಯಾವ ಕಪ್ಪು ಮೊದಲು ಅಲ್ಲಾಡಿತು?" ಎಂದರು! ಅಂದಿನಿಂದ ಅವರ ಪ್ರತಿ ಹಾಡಿಗೂ ಪರೀಕ್ಷೆ ಆ ಕಪಾಟಿನಲ್ಲೇ. ಈಗ ಅಜ್ಜಿಯೇ ಫೋನು ಮಾಡುತ್ತಾರೆ: "ಇವತ್ತು ಬರೀ ಸಾಸರ್ ಅಲ್ಲಾಡಿತು. ಸಾಲದು!"

ಮಾವನ ಕಸುಬಿನ ಇನ್ನೊಂದು ಪದ್ಧತಿ ಕೇಳಿ. ಒಂದೇ ಬೀಟ್ ಮಾಡುವುದು, ಹತ್ತು ಜನರಿಂದ ಅದಕ್ಕೆ ಹತ್ತು ಬೇರೆ ಬೇರೆ ಹಾಡು ಹಾಡಿಸುವುದು.

"ಇದೇನು ಮಾವ, ಒಂದೇ ಸಾರಲ್ಲಿ ಊರಿಗೆಲ್ಲಾ ಊಟ ಹಾಕ್ತೀರಲ್ಲಾ!" ಎಂದೆ.

"ಸಾರು ಚೆನ್ನಾಗಿರ್ಬೇಕು ಕಣೇ, ಅಷ್ಟೇ."

ಹೊಸ ಗಾಯಕಿ ಯಾರಾದರೂ ಮೈಕ್ ಮುಂದೆ ಹೆದರಿ ನಿಂತರೆ ಮಾವ ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕೂರುತ್ತಾರೆ, ಆಕೆಗೆ ನಾಚಿಕೆಯಾಗದಿರಲಿ ಅಂತ. ಹಾಗೆ ಗೋಡೆ ನೋಡಿ ನೋಡಿಯೇ ಎಷ್ಟೋ ದನಿಗಳನ್ನು ಬೆಳೆಸಿದ್ದಾರೆ. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಅಭಿಮಾನ.

ಈ ವರ್ಷ ಅಮ್ಮ ಮೈಸೂರಿನಿಂದ, ಇದೇ ದೇಶದ ಆಮರ್ಸ್‌ಫೋರ್ಟ್‌ನಲ್ಲಿರುವ ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಅವಳ ಎರಡೂ ಕಿವಿ ಪೂರ್ತಿ ಹೋಗಿದ್ದವು. ಮೆಷಿನ್ ಹಾಕಿದರೂ ಪ್ರಯೋಜನವಿಲ್ಲ. ಭೇಟಿಗೆ ಬಂದ ತಮ್ಮನ ಮುಖ ನೋಡಿ, "ಈಗ ಕೇಳೋಣ ಅಂದ್ರೆ ಕಿವೀನೇ ಇಲ್ವಲ್ಲೋ" ಎಂದಳು.

ಮರುದಿನ ನಮ್ಮಿಬ್ಬರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು. ಅಮ್ಮನನ್ನು ಕೂರಿಸಿ, ಅವಳ ಎರಡೂ ಅಂಗೈಗಳನ್ನು ದೊಡ್ಡ ಸ್ಪೀಕರಿನ ಮೇಲಿಟ್ಟು ಹಾಡು ಹಾಕಿದರು. ಸ್ವಲ್ಪ ಹೊತ್ತಿಗೆ ಅಮ್ಮನ ಬೆರಳುಗಳು ತಾಳ ಎಣಿಸತೊಡಗಿದವು. ಆಮೇಲೆ ಹುಬ್ಬು ಗಂಟಿಕ್ಕಿತು. ಮಾವ ಪರೀಕ್ಷೆಗೆ ಬಂದವರಂತೆ ಕೈಕಟ್ಟಿ ನಿಂತಿದ್ದರು.

"ಏನೋ ಇದು!" ಅಮ್ಮ ಕೂಗಿದಳು. "ಮೊದಲನೇ ಪೆಟ್ಟು ಎಲ್ಲೋ? ಅದನ್ನ ಖಾಲಿ ಬಿಟ್ಟು ಮೂರನೇದಕ್ಕೆ ಹೊಡೀತೀಯಾ? ನಾನು ಹೀಗಾ ಹೇಳಿಕೊಟ್ಟಿದ್ದು?"

ರೆಗೆಯ ಪದ್ಧತಿಯೇ ಅದು, ಬರೆದಾದರೂ ತಿಳಿಸಬಹುದಿತ್ತು. ಮಾವ ತಿಳಿಸಲಿಲ್ಲ. ಐವತ್ತು ದಾಟಿದ ಆ ಮನುಷ್ಯ ನೆಲದ ಮೇಲೆ ಕುಸಿದು, ಅಕ್ಕನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

"ಅಕ್ಕ ತಪ್ಪು ಹಿಡಿದಳು ಕಣೇ," ಎಂದರು ನನಗೆ. "ಅಕ್ಕಂಗೆ ಕೇಳಿಸ್ತು."

ಅಮ್ಮ ಒಂದು ಕೈಯನ್ನು ತಮ್ಮನ ತಲೆಯ ಮೇಲಿಟ್ಟಳು. ಇನ್ನೊಂದನ್ನು, ಹಾಡು ಮುಗಿಯುವವರೆಗೂ, ಸ್ಪೀಕರಿನ ಮೇಲಿಂದ ತೆಗೆಯಲಿಲ್ಲ.