ಮಾವನವರ ದೇಶ, ಸರ್ಕಾರದ ನಲ್ಲಿ

ದೇಶ ಅಂದರೆ ಪ್ರಾಣ ಬಿಡುವವರನ್ನು ನೀವು ನೋಡಿರಬಹುದು. ಸರ್ಕಾರ ಅಂದರೆ ಮೂಗು ಮುರಿಯುವವರನ್ನೂ ನೋಡಿರುತ್ತೀರಿ. ಈ ಇಬ್ಬರೂ ಒಂದೇ ಪಂಚೆಯೊಳಗಿದ್ದರೆ ಆ ಮನೆಯಲ್ಲಿ ದಿನಾ ಏನಾದರೊಂದು ನಡೀತಾನೇ ಇರುತ್ತೆ. ನಮ್ಮ ಮಾವನವರು ಅಂಥವರು.

ಎಂಬತ್ತರ ದಶಕದ ಮಾತು. ವಿಜಯನಗರದ ಆಚೆ ಚಂದ್ರಾ ಲೇಔಟ್ ಆಗತಾನೇ ಏಳ್ತಾ ಇತ್ತು. ಮಾವ ರಿಟೈರ್ ಆದಮೇಲೆ ಅಲ್ಲೊಂದು ಮನೆ ಕಟ್ಟಿಸಿದ್ದರು. ಅವರು ಕೆಲಸ ಮಾಡಿದ್ದೂ ಸರ್ಕಾರದಲ್ಲೇ. ಯಾವ ಇಲಾಖೆ ಅಂತ ಹೇಳೋದಿಲ್ಲ, ಪೆನ್ಷನ್ ಅಲ್ಲಿಂದಲೇ ಬರ್ತಿತ್ತು. ಸರ್ಕಾರನ ಯಾಕೆ ಅಷ್ಟು ಅನುಮಾನಿಸ್ತೀರಿ ಅಂತ ಯಾರಾದರೂ ಕೇಳಿದರೆ, ಒಳಗಿದ್ದು ಬಂದವನು ನಾನು ಅನ್ನೋರು.

ಮುಚ್ಚಳ

ಓಟಿನ ದಿನ ಮಾವ ಹಬ್ಬದ ದಿನಕ್ಕಿಂತ ಬೇಗ ಏಳೋರು. ಸ್ನಾನ ಮಾಡಿ, ಜರಿಯಂಚಿನ ಪಂಚೆ ಉಟ್ಟು, ನಮ್ಮನ್ನೆಲ್ಲ ಹೊರಡಿಸಿಕೊಂಡು ಸ್ಕೂಲಿನ ಬಾಗಿಲು ತೆಗೆಯೋಕೆ ಮುಂಚೆ ಸಾಲಿನಲ್ಲಿ ಮೊದಲನೆಯವರಾಗಿ ನಿಲ್ಲೋರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಾಗೇ ಒಂದು ಎಲೆಕ್ಷನ್ ಬಂತು. ಮಾವ ಚೀಟಿಯನ್ನು ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದರ ಮುಚ್ಚಳ ಹಿಡಿದು ಗಡಗಡ ಅಲ್ಲಾಡಿಸಿದರು.

ಅಧಿಕಾರಿಗೆ ಕೋಪ ಬಂತು. ನಂಬಿಕೆ ಇಲ್ವಾ ಸಾರ್ ಅಂದ. ಮಾವ ಬಲು ವಿನಯದಿಂದ ಹೇಳಿದರು:

"ಪೆಟ್ಟಿಗೆ ಮೇಲೆ ದೇವರಷ್ಟು ನಂಬಿಕೆ ಇದೆಯಪ್ಪ. ಮುಚ್ಚಳ ಸರ್ಕಾರದ್ದು."

ಅಷ್ಟಕ್ಕೇ ಮನೆಗೆ ಬರಲಿಲ್ಲ. ಪೆಟ್ಟಿಗೆ ವ್ಯಾನ್ ಹತ್ತೋವರೆಗೂ ಸ್ಕೂಲಿನ ಎದುರಿಗಿದ್ದ ಹೊಂಗೆ ಮರದ ಕೆಳಗೆ ಕೂತಿದ್ದರು. ಮಧ್ಯಾಹ್ನ ನಾನೇ ಚಿತ್ರಾನ್ನ ಕಟ್ಟಿಕೊಂಡು ಹೋದೆ. ಒಳಗೆ ಓಟಿನ ಡ್ಯೂಟಿಯಲ್ಲಿದ್ದವರಿಗೆ ಊಟ ಬಂದಿರಲಿಲ್ಲ, ಪಾಪ, ಬೆಳಗಿನಿಂದ ಬರೀ ಕಾಫಿ. ಮಾವನಿಗೆ ಮರುಕ ಹುಟ್ಟಿ ಅವರನ್ನೂ ಊಟಕ್ಕೆ ಕರೆದರು. ಎಲ್ಲರೂ ಸಂತೋಷದಿಂದ ಎದ್ದು ಬರ್ತಿದ್ದ ಹಾಗೇ ಕೈ ಅಡ್ಡ ಹಿಡಿದು, ಒಬ್ಬೊಬ್ಬರಾಗಿ ಬನ್ನಿ, ಪೆಟ್ಟಿಗೆ ಹತ್ತಿರ ಇಬ್ಬರಾದರೂ ಇರಲಿ, ಒಬ್ಬರೇ ಇರೋದು ಬೇಡ ಅಂದರು.

ಅರ್ಧ ಗಡ್ಡ

ಮಾವನಿಗೂ ನಮ್ಮ ಬೀದಿ ಕೊನೆಯ ಸಲೂನಿನವನಿಗೂ ಒಳ್ಳೆ ಸ್ನೇಹ. ಮಾವ ಕುರ್ಚಿಯಲ್ಲಿ ಕೂತ ಕೂಡಲೇ ಸರ್ಕಾರನ ಬೈಯೋಕೆ ಶುರು. ರಸ್ತೆ, ಕರೆಂಟು, ಸೀಮೆಎಣ್ಣೆ ಒಂದೂ ಬಿಡ್ತಿರಲಿಲ್ಲ. ಅವನು ಹೂಂ ಸಾರ್, ಹೂಂ ಸಾರ್ ಅಂತ ಕತ್ತಿ ಆಡಿಸೋನು.

ಒಂದು ದಿನ ಅವನಿಗೂ ಏನೋ ಹುರುಪು ಬಂತು ಅಂತ ಕಾಣುತ್ತೆ. ಒಂದು ಕೆನ್ನೆ ಮುಗಿಸಿ, ಇನ್ನೊಂದಕ್ಕೆ ಸೋಪು ಹಚ್ಚುತ್ತಾ, ಬಿಡಿ ಸಾರ್, ಈ ದೇಶವೇ ಇಷ್ಟು, ಉದ್ಧಾರ ಆಗಲ್ಲ ಅಂದುಬಿಟ್ಟ. ಮಾವ ಎದ್ದರು. ಕತ್ತಿನ ಸುತ್ತ ಇದ್ದ ಬಟ್ಟೆ ಬಿಚ್ಚಿ ಅವನ ಕೈಗೆ ಕೊಟ್ಟರು. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆ ನೊರೆ, ಹಾಗೇ ಇಡೀ ಬೀದಿ ನಡೆದುಕೊಂಡು ಮನೆಗೆ ಬಂದರು. ದಾರಿಯಲ್ಲಿ ನಮಸ್ಕಾರ ಹೇಳಿದವರಿಗೆಲ್ಲ ನಮಸ್ಕಾರಾನೂ ಹೇಳಿದರು.

ಅತ್ತೆ ನೋಡಿ ನಕ್ಕಿದ್ದು ನಕ್ಕಿದ್ದೇ. ಸಂಜೆ ಸಲೂನಿನವನು ಡಬ್ಬಿ ಹಿಡಕೊಂಡು ತಾನೇ ಬಂದು ಜಗಲಿ ಮೇಲೆ ಕೂರಿಸಿ ಉಳಿದ ಗಡ್ಡ ತೆಗೆದ. ಸರ್ಕಾರ ಯಾವುದು, ದೇಶ ಯಾವುದು ಅಂತ ಮೊದಲೇ ಹೇಳಿಬಿಡಿ ಸಾರ್, ಕತ್ತಿ ಕೈಯಲ್ಲಿರುವಾಗ ಹೀಗೆ ಎದ್ದರೆ ನನ್ನ ಎದೆ ಝಲ್ ಅನ್ನುತ್ತೆ ಅಂದ.

ನಾಳೆ ಬನ್ನಿ

ನಮ್ಮ ಲೇಔಟಿಗೆ ನೀರಿರಲಿಲ್ಲ. ಅತ್ತಿಗುಪ್ಪೆ ಕಡೆಯ ಒಂದು ತೋಟದ ಬಾವಿಯಿಂದ ಹೆಂಗಸರೆಲ್ಲ ಬಿಂದಿಗೆ ಹೊತ್ತು ತರ್ತಿದ್ವಿ. ನನಗೆ ದಿನ ತುಂಬುತ್ತಾ ಬಂದಮೇಲೆ ಆ ಕೆಲಸವೂ ಅತ್ತೆ ತಲೆ ಮೇಲೆ ಬಿತ್ತು, ಅವರಿಗೋ ಮಂಡಿ ನೋವು. ನಾನು ಬಾಣಂತನಕ್ಕೆ ಕೆಂಗೇರಿಯ ತವರಿಗೆ ಹೊರಟಾಗ ಮಾವ ನನ್ನ ಪೆಟ್ಟಿಗೆ ಹಿಡಿದು ಬಸ್ ಸ್ಟಾಪಿನವರೆಗೂ ಬಂದರು. ಮಗು ಮನೆಗೆ ಬರೋ ಹೊತ್ತಿಗೆ ಬೀದಿಗೆ ನಲ್ಲಿ ಬಂದಿರುತ್ತೆ, ನನ್ನ ಮೊಮ್ಮಗುವಿಗೆ ಬಾವಿ ನೀರು ಎಣಿಸಿ ಎಣಿಸಿ ಎರೆಯೋ ಗತಿ ಬರಬಾರದು ಅಂದರು.  ನನಗೆ ಅಳು ಬಂತು.

ಹೇಳಿದ್ದೇನೋ ಹೇಳಿಬಿಟ್ಟರು, ಈಗ ಯಾವ ಸರ್ಕಾರನ ನಂಬಲ್ಲವೋ ಅದರ ಬಾಗಿಲಿಗೇ ಹೋಗಬೇಕು. ಹೋದರು. ನೀರಿನ ಆಫೀಸಿನಲ್ಲಿದ್ದ ಹೊಸ ಹುಡುಗ ಗುಮಾಸ್ತ ಇವರ ಮುಖ ನೋಡಿ ನಾಚಿಕೊಂಡು, ನಾಳೆ ಬನ್ನಿ ಸಾರ್ ಅಂದನಂತೆ. ಮಾವ ತಮ್ಮ ಸರ್ವೀಸ್ ಪೂರ್ತಿ ಜನಕ್ಕೆ ಹೇಳಿದ್ದು ಅದೇ ಮಾತು. ಎದುರಿಗಿದ್ದ ಕುರ್ಚಿ ಎಳಕೊಂಡು ಕೂತು, ಹಾಗಲ್ಲಪ್ಪ, ಮುಖ ಎತ್ತಬಾರದು, ಬರೀತಾ ಬರೀತಾ ಹೇಳಬೇಕು, ಮುಖ ಎತ್ತಿದರೆ ಎದುರಿಗಿರೋನು ಇನ್ನೊಂದು ಪ್ರಶ್ನೆ ಕೇಳ್ತಾನೆ ಅಂತ ಪಾಠ ಹೇಳಿಕೊಟ್ಟರಂತೆ. ಮಾರನೇ ದಿನ ಹೋದಾಗ ಹುಡುಗ ಮುಖ ಎತ್ತಲೇ ಇಲ್ಲ.

ಎರಡು ಸಲ

ಅಂತೂ ಯಾರ ಪುಣ್ಯವೋ, ನಾನು ಹೆಣ್ಣು ಮಗು ಎತ್ತಿಕೊಂಡು ವಾಪಸ್ ಬರೋ ಹೊತ್ತಿಗೆ ಬೀದಿಯಲ್ಲಿ ಗುಂಡಿ ತೋಡಿ, ಪೈಪು ಹಾಕಿ, ಚಪ್ಪಡಿ ಹಾಸಿ, ಒಂದು ನಲ್ಲಿ ನಿಲ್ಲಿಸಿದ್ದರು. ಆಗಸ್ಟ್ ಹದಿನೈದಕ್ಕೆ ಮಂತ್ರಿಗಳು ಬಂದು ಬಾವುಟ ಹಾರಿಸಿ ನಲ್ಲಿ ತಿರುಗಿಸ್ತಾರೆ ಅಂತ ಗೊತ್ತಾಯಿತು. ಬೀದಿಗೆಲ್ಲ ಸಂಭ್ರಮ. ಅತ್ತೆ ಮಾವನನ್ನು ಆ ವಾರವೆಲ್ಲ ಬಹಳ ಗೌರವದಿಂದ ನೋಡಿಕೊಂಡರು.

ಮಾವನಿಗೆ ಮಾತ್ರ ಸಮಾಧಾನ ಇಲ್ಲ. ಹದಿನೈದರ ಬೆಳಗ್ಗೆಯೇ ಎದ್ದು ಪೈಪಿನ ಜಾಡು ಹಿಡಿದು ಹೊರಟರು. ಪೈಪು ಬೀದಿ ದಾಟಿ, ದಿಣ್ಣೆ ಹತ್ತಿ, ಲಂಟಾನ ಪೊದೆ ಹಿಂದೆ ಹೋಗಿ ನಿಂತಿತ್ತು. ಅಲ್ಲೊಂದು ನೀರಿನ ಟ್ಯಾಂಕರ್ ಲಾರಿ. ಪೈಪಿನ ಬಾಯಿಗೂ ಲಾರಿಗೂ ರಬ್ಬರ್ ಟ್ಯೂಬ್ ಕಟ್ಟಿದ್ದರು. ದೊಡ್ಡ ಪೈಪಿಗೆ ಸೇರಿಸೋ ಕೆಲಸ ಮುಗಿದಿರಲಿಲ್ಲ, ಮಂತ್ರಿಗಳ ತಾರೀಖು ಬಂದುಬಿಟ್ಟಿತ್ತು.

ಮಾವ ಬಂದು ಹೇಳಿದಾಗ ಅತ್ತೆ ಅತ್ತೇ ಬಿಟ್ಟರು. ಮಾವನ ಮುಖವೂ ಸಣ್ಣದಾಗಿತ್ತು. ಆದರೂ ಕೆಲಸ ನೀಟಾಗಿ ಮಾಡಿದಾರೆ, ನಮ್ಮ ಕಾಲದಲ್ಲಿ ಟ್ಯೂಬ್ ಸೋರ್ತಿತ್ತು ಅಂತ ಒಂದು ಮಾತು ಸೇರಿಸಿದರು. ಆಮೇಲೆ ಬೀದಿಯ ಹೆಂಗಸರನ್ನೆಲ್ಲ ಕರೆದು, ಮಂತ್ರಿ ಬೆನ್ನು ತಿರುಗಿಸಿದ ಕೂಡಲೇ ಎಂಜಿನಿಯರು ನಲ್ಲಿ ನಿಲ್ಲಿಸ್ತಾನೆ, ಅಷ್ಟರೊಳಗೆ ಸಿಕ್ಕಿದ್ದೇ ನಮ್ಮ ನೀರು, ಬಿಂದಿಗೆ ಸಾಲಾಗಿ ಇಟ್ಟುಕೊಂಡು ನಿಂತಿರಿ ಅಂತ ತಾಕೀತು ಮಾಡಿದರು.

ಮಂತ್ರಿಗಳು ಬಂದದ್ದು ತಡವಾಗಿ. ಬಾವುಟ ಹಾರಿತು, ಹೂವು ಉದುರಿತು, ಕೂಡಲೇ ನಲ್ಲಿ ತಿರುಗಿಸಿದರು. ನೀರು ಭೋರ್ ಅಂತ ಬಂತು. ಚಪ್ಪಾಳೆ. ಮುಂದೆ ಲಗ್ಗೆರೆಯಲ್ಲಿ ಇನ್ನೊಂದು ಸಮಾರಂಭ ಇದೆಯಂತೆ, ಭಾಷಣವೂ ಇಲ್ಲದೆ ಕಾರಿನ ಕಡೆ ತಿರುಗಿದರು. ಎಂಜಿನಿಯರನ ಕೈ ನಲ್ಲಿ ಕಡೆಗೆ ಬಂತು. ನಮ್ಮ ಮೊದಲನೇ ಬಿಂದಿಗೆ ಅರ್ಧವೂ ತುಂಬಿರಲಿಲ್ಲ.

ಆಗ ಮಾವ ಮೈಕಿನ ಮುಂದೆ ನಿಂತಿದ್ದರು. ಯಾವಾಗ ಹೋದರೋ ಯಾರೂ ನೋಡಲಿಲ್ಲ.

"ಬಾವುಟ ಹಾರಿಸಿ ರಾಷ್ಟ್ರಗೀತೆ ಹಾಡದೆ ಹೋಗೋದಾ?" ಅಂದವರೇ, ಸೆಟೆದು ನಿಂತು ಹಾಡೋಕೆ ಶುರು ಮಾಡಿಬಿಟ್ಟರು.

ಮಂತ್ರಿ ಕಾರಿನ ಬಾಗಿಲಲ್ಲೇ ನೆಟ್ಟಗೆ ನಿಂತರು. ಪೊಲೀಸರು ನಿಂತರು. ಎಂಜಿನಿಯರ್ ಚಾಚಿದ ಕೈಯನ್ನು ಸರಕ್ಕನೆ ಎಳೆದು ತೊಡೆಗೆ ಅಂಟಿಸಿಕೊಂಡ. ನೀರೊಂದೇ ಹರೀತಾ ಇದ್ದಿದ್ದು. ಮಾವ ರೆಪ್ಪೆ ಕೂಡ ಅಲ್ಲಾಡಿಸದೆ ಹಾಡ್ತಾ ಇದ್ದರು. ಬಿಂದಿಗೆ ತುಂಬಿ ತುಳುಕಿತು. ಬಗ್ಗೋ ಹಾಗಿಲ್ಲ, ಕೈ ಎತ್ತೋ ಹಾಗಿಲ್ಲ. ಅತ್ತೆ ನೆಟ್ಟಗೆ ನಿಂತುಕೊಂಡೇ, ಬಾಯಲ್ಲಿ ಹಾಡ್ತಾನೇ, ಸೀರೆಯೊಳಗಿಂದ ಒಂದು ಕಾಲು ಹೊರಗೆ ತಂದು ಆ ಬಿಂದಿಗೆಯನ್ನು ಮೆಲ್ಲಗೆ ಆಚೆ ನೂಕಿದರು. ಪಕ್ಕದ ಮನೆಯಾಕೆ ತನ್ನ ಕಾಲಿಂದ ಖಾಲಿಯದನ್ನು ನಲ್ಲಿ ಕೆಳಗೆ ತಂದಳು. ಹಿಂದಿನ ಸಾಲೆಲ್ಲ ಹಾಗೇ ಕಾಲಲ್ಲೇ ಜರುಗಿತು. ಎಂಜಿನಿಯರ್ ಎಲ್ಲಾ ನೋಡ್ತಾ ಇದ್ದ, ಪಾಪ, ಏನು ಮಾಡ್ತಾನೆ.

ಹಾಡು ಮುಗಿಯಿತು. ಅವನ ಕೈ ಮತ್ತೆ ಮೇಲೆದ್ದಿತು. ಮಾವ ಮೈಕಿನಲ್ಲಿ, ಹಿಂದೆ ಯಾರೋ ತಪ್ಪು ಹಾಡಿದರು, ತಪ್ಪು ಹಾಡಿ ಹಾಗೇ ಬಿಡೋದು ದೇಶಕ್ಕೆ ಮರ್ಯಾದೆ ಅಲ್ಲ ಅಂದು, ಮೊದಲಿಂದ ಶುರು ಮಾಡಿದರು. ಈ ಸಲ ನಾವು ಹೆಂಗಸರೆಲ್ಲ ದನಿಗೂಡಿಸಿದ್ವಿ. ತಪ್ಪಾಗಬಾರದಲ್ಲ, ಒಂದೊಂದು ಪದವನ್ನೂ ಬಹಳ ನಿಧಾನವಾಗಿ ಹೇಳಿದ್ವಿ. ಮಂತ್ರಿಗಳ ಹಣೆಯಿಂದ ಬೆವರು ಇಳೀತಿತ್ತು. ಕೊನೆಯ ಸಾಲಿಗೆ ಬರೋ ಹೊತ್ತಿಗೆ ನಲ್ಲಿ ಗೊರಗೊರ ಅಂದು ನಿಂತುಹೋಯಿತು. ಟ್ಯಾಂಕರ್ ಖಾಲಿ.

ಕಾರು ಹೋದಮೇಲೆ ಅತ್ತೆ, ಕಾಲಲ್ಲಿ ನೂಕಿದ್ದಕ್ಕೆ ಬಿಂದಿಗೆಗಳನ್ನೆಲ್ಲ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಧ್ಯಾಹ್ನ ನೀರು ಕಾಯಿಸಿ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದರು. ಮಾವ ಚೊಂಬು ಹಿಡಿದು ಧಾರಾಳವಾಗಿ ನೀರು ಹುಯ್ತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಯಾವತ್ತೂ ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ.

"ಮಾವ, ಮೊದಲನೇ ಸಲ ಹಾಡಿದ್ದು ದೇಶಕ್ಕೆ, ಸರಿ. ಎರಡನೇ ಸಲ?"

ಮಾವ ಇನ್ನೊಂದು ಚೊಂಬು ಹುಯ್ದರು. ಮಗು ಕಾಲು ಬಡಿಯಿತು.

"ಅದೂ ದೇಶಕ್ಕೇ ಕಣಮ್ಮ," ಅಂದರು. "ಇವಳೇನು ಪರದೇಶದವಳಾ?"