ಮೆನ್ಸಿನಿಯಾದ ರಾಜಧಾನಿ ಯಾವುದು?

ಅಂಚಿಗೆ ಗೆರೆ ಹೊಡೆದು, ತಲೆಬರಹಕ್ಕೆ ಬಣ್ಣ ತುಂಬಿ, ಮೂಲೆಯಲ್ಲೊಂದು ಧ್ವಜ ಬಿಡಿಸಿದ ಯಾವ ಹಾಳೆಯನ್ನು ಕೊಟ್ಟರೂ ನಾನು ನಂಬಿಬಿಡುತ್ತೇನೆ. ರಾಣೇಬೆನ್ನೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನಿಗೆ ಇದು ಶೋಭೆಯಲ್ಲ, ಗೊತ್ತು. ಆದರೆ ಅಂದವಾದ ಅಕ್ಷರ ಕಂಡರೆ ನನ್ನ ವಿವೇಕ ಕೈಕಟ್ಟಿ ನಿಂತುಬಿಡುತ್ತದೆ. ಮನೆಗೆ ತಂದ ಮಿಕ್ಸರಿನ ಡಬ್ಬಿಯ ಮೇಲೆ ‘ಸದ್ದು ಮಾಡುವುದಿಲ್ಲ’ ಎಂದಿದ್ದುದನ್ನೂ ನಂಬಿದ್ದೆ. ಅದು ತಿರುಗಿದರೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುತ್ತಾರೆ.

ಕಳೆದ ವರ್ಷ ಹಾವೇರಿಯಲ್ಲಿ ಶಾಲಾ ಮಕ್ಕಳ ಕ್ವಿಜ್ ಇತ್ತು. ಪ್ರಶ್ನೆ ತಯಾರಿಸಿ ಕೇಳುವ ಹೊಣೆ ನನ್ನದು. ಅದಕ್ಕೆ ವಾರ ಮುಂಚೆ ಶಿಕ್ಷಕರ ತರಬೇತಿ ಮುಗಿಸಿ ಬಂದು ಚೀಲ ಬಿಚ್ಚಿದರೆ, ಯಾರದೋ ಹಾಳೆಯೊಂದು ನನ್ನ ಕಾಗದಗಳಲ್ಲಿ ಸೇರಿಕೊಂಡಿತ್ತು. ‘ಮೆನ್ಸಿನಿಯಾ: ದೇಶದ ಪರಿಚಯ.’ ರಾಜಧಾನಿ ಕಜಿನೆಲ್. ನದಿ ತುಂಗಾರಾ. ರಾಷ್ಟ್ರಪ್ರಾಣಿ ಎಮ್ಮೆ. ಮುಖ್ಯ ಬೆಳೆ ಕೆಂಪು ಮೆಣಸಿನಕಾಯಿ. ಬಣ್ಣ ಹೆಚ್ಚು, ಖಾರ ಕಡಿಮೆ.

“ನೋಡು, ನಮ್ಮ ಬ್ಯಾಡಗಿ ಮೆಣಸಿನಕಾಯಿ ಎಲ್ಲಿತನಕಾ ಹೋಗೇತಿ!” ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ.

“ಯಾವ ಖಂಡದಾಗ ಐತ್ರಿ ಅದು?” ಎಂದಳು.

ಅದನ್ನು ಬರೆದಿರಲಿಲ್ಲ. “ಹೊಸಾ ದೇಶ ಇರಬೇಕು” ಎಂದೆ.

ಕ್ವಿಜ್‌ನ ಕೊನೆಯಲ್ಲಿ ನಮ್ಮ ಶಾಲೆಗೂ ಬ್ಯಾಡಗಿಯ ಶಾಲೆಗೂ ಸಮಸಮ ಅಂಕ ಬಂತು. ಒಂದೇ ಪ್ರಶ್ನೆ ಉಳಿದಿತ್ತು. ಗಂಟಲು ಸರಿಮಾಡಿಕೊಂಡು ಕೇಳಿದೆ: “ಮೆನ್ಸಿನಿಯಾದ ರಾಜಧಾನಿ ಯಾವುದು?”

ನಮ್ಮ ಶಾಲೆಯ ಹುಡುಗಿಯರು, ನಾನು ಆ ಪಾಠವನ್ನು ಬಚ್ಚಿಟ್ಟುಕೊಂಡಿದ್ದೆನೇನೋ ಎಂಬಂತೆ ನನ್ನನ್ನು ನೋಡಿದರು. ಬ್ಯಾಡಗಿಯ ತಂಡದಲ್ಲಿದ್ದ ಕಾಗಿನೆಲೆಯ ರೇಣುಕಾ ಎಂಬ ಹುಡುಗಿ ಬಾಯಿ ತೆರೆದು, ಮುಚ್ಚಿದಳು. ಆಮೇಲೆ ಎದ್ದು ನಿಂತು, “ಕಜಿನೆಲ್ ರೀ” ಎಂದಳು. ಸಭೆ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿಗಳು ತಕ್ಷಣ ಮೈಕು ಹಿಡಿದು, ಮೆನ್ಸಿನಿಯಾದಂಥ ಸಣ್ಣ ದೇಶಗಳ ಶಿಸ್ತನ್ನು ನಾವೂ ಕಲಿಯಬೇಕೆಂದು ಭಾಷಣ ಶುರುಮಾಡಿದರು.

ಅಷ್ಟರಲ್ಲಿ ಆ ಹುಡುಗಿ ನನ್ನ ಹತ್ತಿರ ಬಂದಳು. “ಸರ್, ಆ ದೇಶ ನಂದರಿ.”

“ನಿಂದಂದ್ರ?”

“ನಾನ ಮಾಡಿದ್ದರಿ, ‘ನನ್ನ ಕಲ್ಪನೆಯ ದೇಶ’ ಅನ್ನೋ ಪ್ರಾಜೆಕ್ಟಿಗೆ. ನಮ್ಮೂರು ಕಾಗಿನೆಲಿನ್ನ ಕಜಿನೆಲ್ ಮಾಡೇನ್ರಿ.”

“ಮತ್ತ ಉತ್ತರ ಯಾಕ ಹೇಳಿದಿ?”

“ನೀವ ಕೇಳಿದ್ರಲ್ಲರಿ. ಖರೇನ ಅಂಥಾ ದೇಶ ಐತೇನೋ ಅಂತ ನನಗೂ ಅನ್ನಿಸ್ತು.”

ನಾನು ಬೆವರು ಒರೆಸಿಕೊಂಡೆ. ಈ ವಿಷಯ ಇಲ್ಲಿಗೇ ಮುಗಿದರೆ ಎಲ್ಲರಿಗೂ ಒಳ್ಳೆಯದಲ್ಲವೇ ಎಂದು ಪಿಸುಗುಟ್ಟಿದೆ. ಅವಳು ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ ಸರ್. ನಿಮ್ಮ ಸಾಲಿ ಹುಡುಗ್ಯಾರಿಗೆ ಹೆಂಗ ಗೊತ್ತಿರತೈತಿ? ಬ್ಯಾರೆ ಪ್ರಶ್ನೆ ಕೇಳ್ರಿ.”

ಅತಿಥಿಗಳ ಕೈಯಿಂದ ಮೈಕು ಇಸಿದುಕೊಂಡು, ಇರುವ ಸತ್ಯ ಹೇಳಿದೆ. ಹಿಂದಿನ ಸಾಲಿನಲ್ಲಿ ಹುಟ್ಟಿದ ನಗು ಮುಂದಿನ ಸಾಲಿಗೆ ಬಂದು, ಅತಿಥಿಗಳ ಹತ್ತಿರ ಮಾತ್ರ ನಿಂತುಬಿಟ್ಟಿತು. ಭೂಪಟದಲ್ಲಿ ಖಂಡಿತ ಇರುವ ಮಂಗೋಲಿಯಾದ ರಾಜಧಾನಿ ಕೇಳಿದೆ. ನಮ್ಮ ಹುಡುಗಿಯರು ಗೆದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ರೇಣುಕಾ.

ಹೊರಡುವಾಗ ಹಾಳೆಯನ್ನು ಅವಳಿಗೆ ಕೊಡಹೋದೆ. ಅವಳು ತಗೊಳ್ಳಲಿಲ್ಲ. “ತರಬೇತಿಗೆ ಒಯ್ದಾಗ ಇದು ಕಳದೈತಿ ಅಂತ ನಮ್ಮ ಟೀಚರು ಮಾರ್ಕ್ಸ್ ಹಾಕಿಲ್ರಿ. ನೀವ ಹಾಕಿ ಕಳಸ್ರಿ” ಎಂದಳು.

ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತೆ. ತಪ್ಪು ಹುಡುಕಿದರೂ ಸಿಗಲಿಲ್ಲ. ಮೊದಲ ಸಲ ಹಾಳೆಯ ಬೆನ್ನು ತಿರುಗಿಸಿದೆ. ಅಲ್ಲಿ ಅವಳ ಹೆಸರು, ಅದರ ಮೇಲೆ ಒಂದೇ ಸಾಲು: ‘ಈ ದೇಶದಲ್ಲಿ ಶಿಕ್ಷಕರು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಾರೆ.’

‘ಇದು ನಂಬುವಂತಿಲ್ಲ’ ಎಂದು ಪಕ್ಕದಲ್ಲಿ ಬರೆದು, ಒಂದು ಅಂಕ ಕಳೆದೆ.