ಮೀಸಿ ಪಣಕ್ಕಿಟ್ಟು ಕಟ್ಟಿದ ಹುಳ

ಕೆಲವರ ಮನಿ ಬಾಗಿಲಿಗೆ ಬೆಕ್ಕು ತಾನಾಗಿ ಬಂದು ಕೂಡುವ ಹಾಗೆ ನನ್ನ ಹೊಲಿಗೆ ಅಂಗಡಿಗೆ ಫಜೀತಿಗಳು ಬಂದು ಕೂಡುತ್ತವೆ. ನಾನು ಕರೆಯುವುದಿಲ್ಲ; ಬಂದದ್ದಕ್ಕೆ ಒಂದಿಷ್ಟು ಹಾಲು ಹಾಕುತ್ತೇನೆ, ಅಷ್ಟೇ. ಇವೆಲ್ಲ ನಿಜಾಮರ ಕಾಲ ಮುಗಿಯುತ್ತ ಬಂದಾಗ ಯಾದಗಿರಿಯಲ್ಲಿ ನಡೆದವು. ಅಲ್ಲಲ್ಲಿ ಸುಳ್ಳು ಕಂಡರೆ ದರ್ಜಿಯ ಕಸೂತಿ ಅಂತ ತಿಳಿಯಿರಿ. ಬಟ್ಟೆ ಮಾತ್ರ ಖರೇದು.

೧. ಎದ್ದೂ ಏಳದ ಹುಳ

ಭೀಮಾ ಹೊಳೆಯ ರೈಲು ಸೇತುವೆ ನೋಡಲು ಬಂದ ಇಂಜಿನಿಯರ್ ಸಾಹೇಬನಿಗೆ ಮೀನು ಹಿಡಿಯುವ ಹುಚ್ಚು. ಎರೆಹುಳ ಮುಟ್ಟುತ್ತಿರಲಿಲ್ಲ. ಗಾಳದ ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಸುಳ್ಳು ಹುಳ ಮಾಡಿ ಮೀನಿಗೆ ಮೋಸ ಮಾಡುವುದು ಅವನ ಪದ್ಧತಿ. ತಂದ ಹುಳಗಳನ್ನೆಲ್ಲ ದಂಡೆಯ ಜಾಲಿ ಗಿಡಗಳಿಗೆ ಸಿಕ್ಕಿಸಿ ಮುಗಿಸಿದ ಮೇಲೆ ಹೊಸದು ಕಟ್ಟಿಸಲು ನನ್ನ ಹತ್ತಿರ ಬಂದ. ತನ್ನ ಮುರುಕು ದಖನಿ ಉರ್ದುವಿನಲ್ಲಿ ಹೇಳಿದ್ದಿಷ್ಟು: ಸಂಜೀ ಮುಂದ ಹುಳ ಹೊಳೆಯ ತಳದಿಂದ ಮೇಲೆ ಬರುತ್ತದೆ, ನೀರಿನ ಮೇಲೆ ಹಳೇ ಚರ್ಮ ಬಿಚ್ಚಿ ರೆಕ್ಕೆ ಹೊರಗೆ ತೆಗೆಯುತ್ತದೆ. ಆ ಗಳಿಗೆಯಲ್ಲಿ ಅದಕ್ಕೆ ಈಜಲಿಕ್ಕೂ ಬರದು, ಹಾರಲಿಕ್ಕೂ ಬರದು. ಮೀನು ಕಾಯುವುದು ಅದಕ್ಕೇ. ಅಂಥ ಹುಳ ಬೇಕು.

ಕಟ್ಟೆಯ ಮೇಲೆ ಕೂತಿದ್ದ ನನ್ನ ಗೆಳೆಯ ಅಂಬಿಗ ನಕ್ಕ. ಭೀಮೆಯ ಮೀನು ಪುಕ್ಕ ತಿಂದರೆ ಸಂತೆಯಲ್ಲಿ ನಿಂತು ನಿನ್ನನ್ನು ಗುರುವೇ ಅಂತ ಕರೆಯುತ್ತೇನೆ ಅಂದ.

"ತಿನ್ನಲಿಲ್ಲಂದ್ರ?" ಅಂತ ಅವನೇ ಕೇಳಿದ.

"ನನ್ನ ಮೀಸಿ ಬೋಳಿಸು" ಅಂದುಬಿಟ್ಟೆ.

ಅದೇನು ಸಣ್ಣ ಮೀಸಿಯಲ್ಲ. ಒಂದು ತುದಿ ಶಹಾಪುರದ ಕಡೆ, ಇನ್ನೊಂದು ಗುರುಮಿಠಕಲ್ಲಿನ ಕಡೆ ಮುಖ ಮಾಡಿತ್ತು. ಒಳಗಿಂದ ನನ್ನ ಹೆಂಡತಿ ಕೇಳಿದಳು: "ನೀರು ಈಗs ಕಾಯಿಸ್ಲೇನು?"

೨. ಹುಂಜ ಗುಂಡಿ ಬಿಚ್ಚಿದ್ದು

ಹೊಲಿಗೆ ಮಶೀನಿನ ಪಾದದಡಿ ಕೊಕ್ಕೆಯನ್ನು ಬಿಗಿದು ಕೂಡಿಸಿದೆ. ಮೈಗೆ ದೇವಾಪುರದ ಕುರಿಗಾರ ಕೊಟ್ಟ ಕಂದು ಉಣ್ಣೆ. ರೆಕ್ಕೆಗೆ ಹುಂಜದ ಕೊರಳ ಪುಕ್ಕವೇ ಆಗಬೇಕು. ಊರಿನ ಹುಂಜಗಳನ್ನೆಲ್ಲ ನೋಡಿ ಬಂದೆ. ಹೆಂಡತಿ ಸಾಕಿದ ಹುಂಜದಷ್ಟು ಚೆಂದದ ಪುಕ್ಕ ಯಾವುದಕ್ಕೂ ಇರಲಿಲ್ಲ.

ಮಧ್ಯಾಹ್ನ ಹುಂಜ ಬೋಳು ಕೊರಳು ಚಾಚಿಕೊಂಡು ಅವಳ ಮುಂದೆ ಹೋಗಿ ನಿಂತಿತು. ಇದಕ್ಕೇನಾತು ಅಂತ ಕೇಳಿದಳು. "ಶೆಕಿ ಭಾಳ ಅದ. ಅಂಗಿ ಗುಂಡಿ ಬಿಚ್ಚ್ಯಾದ" ಅಂದೆ.

ಊಟಕ್ಕೆ ಕೂತಾಗ ನೋಡಿದರೆ ನನ್ನ ರೊಟ್ಟಿಯೂ ಅಂಗಿ ಬಿಚ್ಚಿ ಬಂದಿತ್ತು. ಮೇಲೆ ಪಲ್ಯವಿಲ್ಲ, ಪಕ್ಕದಲ್ಲಿ ಖಾರವಿಲ್ಲ.

೩. ಕುರ್ತಾದೊಳಗಿನ ಪೇಶಕಾರ

ಮೊದಲ ಹುಳಕ್ಕೆ ರೆಕ್ಕೆ ಪೂರಾ ಬಿಚ್ಚಿ ಕಟ್ಟಿದೆ. ಇದು ಹಾರಿಹೋಗಿದೆ ಅಂದ ಸಾಹೇಬ. ಎರಡನೆಯದಕ್ಕೆ ರೆಕ್ಕೆಯನ್ನೇ ಇಡಲಿಲ್ಲ. ಇದಿನ್ನೂ ಮಲಗಿದೆ ಅಂದ. ಎದ್ದೂ ಏಳದ್ದನ್ನು ಎಲ್ಲಿ ನೋಡಲಿ?

ಅಷ್ಟರಲ್ಲಿ ತಹಶೀಲ್ದಾರರ ಮುಂದೆ ಕಾಗದಪತ್ರ ಇಡುವ ಕಚೇರಿಯ ಪೇಶಕಾರರು ಹೊಸ ಕುರ್ತಾ ಹಾಕಿ ನೋಡಲು ಬಂದರು. ಕೊರಳು ಒಂದಿಷ್ಟು ಬಿಗಿಯಾಗಿತ್ತು. ಬೇಕಂತ ಇಟ್ಟಿದ್ದಲ್ಲ ಅಂತ ಇವತ್ತಿಗೂ ಹೇಳುತ್ತೇನೆ. ತಲೆ ಒಳಗೇ ಉಳಿಯಿತು, ಕೈ ಎರಡೂ ಮೇಲೆ, ಮೊಣಕೈ ಗಂಟು ಕಟ್ಟಿದಂತೆ ಹೊರಗೆ. ಸಾಕ್ಷಾತ್ ನನ್ನ ಹುಳ!

"ಏ ದರ್ಜಿ, ಹೊರಗ ತಗಿ."

"ಒಂದು ಗಳಿಗಿ ಹಂಗs ನಿಂದರ್ರಿ ಸರಕಾರ."

ಅವರನ್ನು ನೋಡಿ ನೋಡಿ ಕಟ್ಟಿದೆ. ಬೆನ್ನ ಮೇಲೆ ಉಣ್ಣೆಯ ಗುಬುಟು, ಅದರಿಂದ ಎರಡು ಮೋಟು ಪುಕ್ಕ. ಸಾಹೇಬ ಖುಷಿಯಾದ. ಬಿಚ್ಚಿದ ಚರ್ಮ ಹಿಂದೆ ಜೋತಾಡುತ್ತಿದ್ದರೆ ಇನ್ನೂ ಸರಿಯಾಗುತ್ತಿತ್ತು, ಅದೊಂದೇ ಕಮ್ಮಿ ಅಂದ.

ಕುರ್ತಾದಿಂದ ತಲೆ ಹೊರಗೆ ಬಂದ ಮೇಲೆ ಪೇಶಕಾರರು ಬೆವರು ಒರೆಸಿಕೊಂಡು, ಇಷ್ಟೊತ್ತು ಏನು ಮಾಡುತ್ತಿದ್ದಿ ಅಂದರು.

"ನಿಮ್ಮ ಅಳತಿ ತಗೊಳಾಕತ್ತಿದ್ದೆರಿ."

೪. ಟೋಪಿಯ ಬರಕತ್

ಸಾಹೇಬ ಬೇಡವೆಂದ ಹಾರುವ ಹುಳವನ್ನು ಚೆಲ್ಲುವುದ್ಯಾಕೆ? ಪೇಶಕಾರರು ಕನ್ನಡಿ ನೋಡುವಾಗ ಅವರು ತೆಗೆದಿಟ್ಟಿದ್ದ ಕುಚ್ಚಿನ ಕೆಂಪು ರೂಮಿ ಟೋಪಿಯ ಮುಂಬದಿಗೆ ಚುಚ್ಚಿದೆ.

ಬೀದಿಯಲ್ಲಿ ಕಂಡವರೆಲ್ಲ ಹುಳ ಓಡಿಸಲು ಅವರ ಹಣೆಯತ್ತ ಕೈ ಬೀಸಿದರು. ಇವರು ಸಲಾಮು ಅಂತ ತಿಳಿದು ಪ್ರತಿಯೊಬ್ಬರಿಗೂ ಬಗ್ಗಿ ಸಲಾಮು ಮಾಡಿದರು. ಕಚೇರಿಯಲ್ಲಿ ಎಂದೂ ತಲೆ ಎತ್ತದ ತಹಶೀಲ್ದಾರರೂ ಇವರನ್ನು ನೋಡಿ ಕೈ ಎತ್ತಿದರಂತೆ.

ಪೇಶಕಾರರು ತಿರುಗಿ ನನ್ನಲ್ಲಿಗೆ ಬಂದರು. ನಾನು ಕತ್ತರಿ ಬಚ್ಚಿಟ್ಟೆ. ಅವರು ಮೆಲ್ಲಗೆ ಅಂದರು: "ಈ ಕುರ್ತಾದಾಗ ಏನೋ ಬರಕತ್ ಅದ, ಹಾಕ್ಕೊಂಡ್ರ ಊರs ಸಲಾಮು ಹೊಡಿತದ. ಇಂಥಾದ್ದs ಇನ್ನೊಂದು ಹೊಲಿ. ಕೊಳ್ಳು ಹಿಂಗs ಬಿಗಿ ಇರ್ಲಿ."

೫. ಗೆದ್ದ ಮೀಸಿ

ಮರುದಿನ ಸಾಹೇಬ ರೈಲು ಹತ್ತುವವನಿದ್ದ. ಉಳಿದದ್ದು ಒಂದೇ ಸಂಜೆ; ಮೀನು ಬಿದ್ದರೆ ಬಿತ್ತು, ಇಲ್ಲದಿದ್ದರೆ ನನ್ನ ಮೀಸಿ ಹೋಯಿತು. ಹೊಳೆಯ ತುಂಬ ಖರೇ ಹುಳ ಏಳುತ್ತಿದ್ದವು. ಮೀನುಗಳು ಅವನ್ನು ತಿಂದು ನನ್ನದನ್ನು ಬಿಡುತ್ತಿದ್ದವು. ಅಂಬಿಗ ಬಂಡೆಯ ಮೇಲೆ ಕೂತು ಕ್ಷೌರದ ಕತ್ತಿ ಮಸೆಯುತ್ತಿದ್ದ, ಬಾಯಲ್ಲಿ ಹಾಡು ಬೇರೆ.

ನಾನು ತಡೆಯಲಾರದೆ ಸಾಹೇಬನ ಹಿಂದೆ ಹೋಗಿ ನಿಂತೆ. ಅವನು ಕೋಲನ್ನು ಹಿಂದಕ್ಕೆ ಬೀಸಿದ. ಕೊಕ್ಕೆ ಬಂದು ಮೀಸಿಯ ಶಹಾಪುರದ ತುದಿಗೆ ಸಿಕ್ಕಿತು. ಮತ್ತೆ ಜಾಲಿ ಗಿಡ ಅಂತ ತಿಳಿದು ಸಾಹೇಬ ಜಗ್ಗಿದ. ಗಿಡ "ಯವ್ವಾ" ಅಂದಿತು.

ಅಂಬಿಗ ಓಡಿ ಬಂದು, ಮಸೆದ ಕತ್ತಿ ದಂಡವಾಗಬಾರದು ಅಂತ ಸಿಕ್ಕಿಬಿದ್ದ ಮೀಸಿಯನ್ನು ಬುಡಕ್ಕೇ ಕೊಯ್ದ. ಹೊತ್ತು ಮುಳುಗುತ್ತಿತ್ತು, ಸಾಹೇಬ ಕೂದಲು ಬಿಡಿಸಲೂ ನಿಲ್ಲದೆ ಹುಳವನ್ನು ಹಾಗೇ ನೀರಿಗೆ ಎಸೆದ. ಹುಳದ ಹಿಂದೆ ನನ್ನ ಅರ್ಧ ಮೀಸಿ ಬಿಚ್ಚಿದ ಚರ್ಮದ ಹಾಗೆ ಜೋತಾಡುತ್ತ ತೇಲಿತು. ಗುಳುಂ!

ಮೀನು ಎಷ್ಟುದ್ದ ಅಂತ ಕೇಳಬೇಡಿ, ಕೇಳುವವರ ಮುಖ ನೋಡಿ ಅಳತೆ ಹೇಳುವವ ನಾನು. ಸಾಹೇಬ, ಕಮ್ಮಿಯಾಗಿದ್ದದ್ದು ಇದೇ, ಇದೇ ಅಂತ ಕುಣಿದ.

ಅಂಬಿಗ ಮಾತಿಗೆ ತಪ್ಪಲಿಲ್ಲ. ಸಂತೆಯ ನಡುವೆ ನಿಂತು ಗುರುವೇ ಅಂತ ಕೂಗಿದ. "ಗೆದ್ದಿ. ಮೀಸಿ ನಿಂದs. ಅರ್ಧ ಮಾರಿ ಮ್ಯಾಲ, ಅರ್ಧ ಮೀನಿನ ಬಾಯಾಗ."

ಗೆದ್ದ ಮೀಸಿಯನ್ನು ಬೋಳಿಸುವುದು ಹೇಗೆ? ಗುರುಮಿಠಕಲ್ಲಿನ ತುದಿಯೊಂದನ್ನೇ ಹುರಿ ಮಾಡಿಕೊಂಡು ಅಂಗಡಿಯಲ್ಲಿ ಕೂತೆ. ಸಾಹೇಬ ರೈಲು ಬಿಟ್ಟು ಉಳಿದಿದ್ದ. ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನನ್ನ ಹೆಂಡತಿಗೆ ಏನೋ ಹೇಳಿದ. ಬೋಳು ಕೊರಳಿನ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಒಳಗೆ ಬಂದಳು, ಮದುವೆಯಾದ ಮೇಲೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಸಾಹೇಬರಿಗೆ ಇನ್ನೊಂದು ಹುಳ ಬೇಕಂತ. ಉಳಿದರ್ಧ ಕೇಳಾಕತ್ತಾರ. ನೀರು ಕಾದಾವ."